ಮರೆಯ ವಿದ್ಯೆ, ಬಯಲ ಸೀಮೆ

ಹಾವೇರಿಯಿಂದ ರಾಣೆಬೆನ್ನೂರಿನವರೆಗಿನ ಸೀಮೆಯಲ್ಲಿ ಹಳೆಯ ಊರೆಂದರೆ ಅದರ ಗುಡಿಯ ಮಗ್ಗುಲಲ್ಲಿಯೋ ಕೆರೆಯ ಏರಿಯ ಮೇಲೆಯೋ ಒಂದೆರಡಾದರೂ ವೀರಗಲ್ಲುಗಳು ನಿಂತಿರುವುದು ಸಾಮಾನ್ಯ; ಅರ್ಧ ಮಣ್ಣಿನಲ್ಲಿ ಹೂತು, ಎಣ್ಣೆ ಕುಂಕುಮಗಳ ಲೇಪದಿಂದ ಕರ್ರಗಾಗಿ, ಎಷ್ಟೋ ವೇಳೆ ಗ್ರಾಮದೇವತೆಯೆಂದೇ ಪೂಜೆಗೊಳ್ಳುತ್ತಿರುವ ಈ ಶಿಲೆಗಳ ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಬಿಲ್ಲುಗಳನ್ನು ಹಿಡಿದು ಹೋರಾಡುವ ವೀರನನ್ನೂ ಅವನ ಬಳಿ ಹಿಂಡುಗೂಡಿದ ದನಗಳನ್ನೂ, ನಡುವಣ ಪಟ್ಟಿಕೆಯಲ್ಲಿ ಅವನನ್ನು ಮೇಲಕ್ಕೆ ಕೊಂಡೊಯ್ಯುವ ಅಪ್ಸರೆಯರನ್ನೂ, ಮೇಲಿನ ಪಟ್ಟಿಕೆಯಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ಅವನ ದಿವ್ಯರೂಪವನ್ನೂ ಕಾಣಬಹುದು. ಪರರ ತುರುಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ಅಡ್ಡಗಟ್ಟಿ, ಊರ ಜನರ ಕಣ್ಣ ಮುಂದೆ ಕಾದಿ, ಮನೆಗೆ ಹಿಂತಿರುಗದೆ ಹೋದವನಿಗೆ ಸಂದ ಮರ್ಯಾದೆ ಅದು. ಆದರೆ ತುರುಗೊಳ್ಳುವ ಕಾರ್ಯ ಹಗಲಿನ ಕಾದಾಟದಿಂದ ಆರಂಭವಾಗುತ್ತಿರಲಿಲ್ಲವೆಂಬುದನ್ನು ಸ್ವಲ್ಪ ಯೋಚಿಸಿದವರೆಲ್ಲರೂ ಒಪ್ಪುವರು. ಅದಕ್ಕೂ ಮೊದಲು ಯಾವನೋ ಒಬ್ಬನು ಇರುಳಿನಲ್ಲಿ ಬಂದು ದನಗಳೆಷ್ಟು, ಕಾವಲುಗಾರರೆಷ್ಟು, ನಾಯಿಗಳು ಎಲ್ಲಿ ಮಲಗುತ್ತವೆ, ಹಳ್ಳ ದಾಟುವ ದಾರಿ ಯಾವುದು ಎಂಬುದನ್ನೆಲ್ಲ ಅರಿತು, ಯಾರ ಕಣ್ಣಿಗೂ ಬೀಳದೆ ತನ್ನವರ ಬಳಿಗೆ ಹಿಂತಿರುಗಿರಲೇಬೇಕು. ಅವನಿಗೆ ಯಾರೂ ಕಲ್ಲು ನೆಡಲಿಲ್ಲ. ಹಿಂತಿರುಗಿ ಬಂದವನಿಗೆ ಕಲ್ಲು ನೆಡುವ ವಾಡಿಕೆಯೇ ನಮ್ಮಲ್ಲಿರಲಿಲ್ಲ.

ಆ ಹೆಸರಿಲ್ಲದವನ ವಿದ್ಯೆಯನ್ನು ಶಾಸ್ತ್ರವಾಗಿ ಕಟ್ಟಿ, ಗ್ರಂಥಗಳಲ್ಲಿ ಬರೆದು, ಮನೆತನದ ಸ್ವತ್ತಾಗಿ ಕಾಪಾಡಿಕೊಂಡು ಬಂದ ಕೀರ್ತಿ ಜಪಾನ್ ದೇಶದ ಇಗಾ ಮತ್ತು ಕೋಗಾ ಎಂಬ ಎರಡು ಗುಡ್ಡಗಾಡು ಸೀಮೆಗಳಿಗೆ ಸಲ್ಲುತ್ತದೆ. ನಿಂಜುತ್ಸು ಎಂದು ಇಂದು ಲೋಕವೆಲ್ಲ ಹೆಸರಿಸುವ ಈ ವಿದ್ಯೆಯ ಮೂಲವನ್ನು ಪೌರಾಣಿಕ ಕಾಲಕ್ಕೆ ಒಯ್ಯುವವರು ಉಂಟಾದರೂ, ಚರಿತ್ರೆಯ ಬೆಳಕಿನಲ್ಲಿ ಅದು ಸ್ಪಷ್ಟವಾಗಿ ತೋರುವುದು ಹದಿನೈದು ಮತ್ತು ಹದಿನಾರನೆಯ ಶತಮಾನಗಳ ಅಂತಃಕಲಹದ ಯುಗದಲ್ಲಿ. 1487ರಲ್ಲಿ ಷೋಗುನ್ ಅಶಿಕಾಗಾ ಯೋಷಿಹಿಸಾನು ದಂಡೆತ್ತಿ ಬಂದು ಮಾಗರಿ ಎಂಬಲ್ಲಿ ಬೀಡುಬಿಟ್ಟಾಗ, ಕೋಗಾ ಸೀಮೆಯ ಸಣ್ಣ ಒಡೆಯರು ಬಯಲಿನಲ್ಲಿ ಎದುರುನಿಲ್ಲದೆ ರಾತ್ರಿಯಲ್ಲಿ ಆ ಪಾಳೆಯದೊಳಕ್ಕೆ ನುಗ್ಗಿ ಹಾವಳಿಯೆಬ್ಬಿಸಿದರು. ಬೆಟ್ಟಗಳ ನಡುವೆ ಸಣ್ಣ ಸಣ್ಣ ಕಣಿವೆಗಳಲ್ಲಿ ಗದ್ದೆಗಳನ್ನಿಟ್ಟುಕೊಂಡು, ದೊಡ್ಡ ಪ್ರಭುವೊಬ್ಬನ ಅಂಕೆಗೆ ಒಳಗಾಗದೆ, ತಮ್ಮತಮ್ಮಲ್ಲಿಯೇ ಕೂಡಿ ಕಟ್ಟಳೆಗಳನ್ನು ಮಾಡಿಕೊಂಡಿದ್ದ ಈ ಜನರಿಗೆ ದೊಡ್ಡ ಸೈನ್ಯವನ್ನು ಸಾಕುವ ಸಾಮರ್ಥ್ಯವಿರಲಿಲ್ಲ. ಇದ್ದುದು ನೆಲದ ಪರಿಚಯ ಮಾತ್ರ. 1579ರಲ್ಲಿ ಓಡಾ ನೊಬುಕಾತ್ಸುವನ್ನು ಇಗಾದವರು ಆ ಬಲದಿಂದಲೇ ಹಿಮ್ಮೆಟ್ಟಿಸಿದರು. ಆದರೆ ಎರಡು ವರ್ಷಗಳ ತರುವಾಯ ಅವನ ತಂದೆ ನೊಬುನಾಗನು ಎಲ್ಲ ದಿಕ್ಕುಗಳಿಂದ ಸಹಸ್ರಾವಧಿ ಸೈನ್ಯವನ್ನು ಒಮ್ಮೆಗೇ ಹರಿಸಿದಾಗ ಇಗಾ ಸುಟ್ಟು ಬೂದಿಯಾಯಿತು. ಮರೆಯ ವಿದ್ಯೆಗೆ ಮರೆಯೆಂಬುದೇ ಉಳಿಯದಂತೆ ಮಾಡಿದರೆ ಅದು ಏನೂ ಮಾಡಲಾರದೆಂಬುದು ಅಲ್ಲಿಯೇ ತೀರ್ಮಾನವಾದ ಸಂಗತಿ. 1582ರಲ್ಲಿ ನೊಬುನಾಗನು ಹತನಾಗಿ, ಟೊಕುಗಾವಾ ಇಯೆಯಾಸುವು ಪ್ರಾಣಭಯದಿಂದ ಇಗಾದ ಬೆಟ್ಟಗಳನ್ನು ದಾಟಿ ತನ್ನ ನಾಡು ಸೇರಬೇಕಾಗಿ ಬಂದಾಗ, ಹತ್ತೋರಿ ಹಾಂಜೋ ಎಂಬವನ ಮುಂದಾಳುತನದಲ್ಲಿ ಅಳಿದುಳಿದ ಇಗಾದವರು ಅವನನ್ನು ಕಾಪಾಡಿ ಕರೆದೊಯ್ದರಂತೆ; ಮುಂದೆ ಅವನು ಆಳುವವನಾದಾಗ ಅವರಿಗೆ ಎಡೋ ಕೋಟೆಯ ಕಾವಲಿನ ಉದ್ಯೋಗ ದೊರೆಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ವಿದ್ಯೆಯ ಮಹಾಗ್ರಂಥವೆನಿಸಿದ ಬನ್ಸೆನ್‌ಷುಕಾಯ್ ರಚಿತವಾದುದು 1676ರಲ್ಲಿ, ಎಂದರೆ ದೇಶದಲ್ಲಿ ಯುದ್ಧಗಳೆಲ್ಲ ನಿಂತು, ವಿದ್ಯೆಯನ್ನು ಬಲ್ಲ ಮುದುಕರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದ ಶಾಂತಿಕಾಲದಲ್ಲಿ. ಆ ಗ್ರಂಥವು ವೇಷ ಧರಿಸಿ ಎಲ್ಲರೆದುರಿಗೇ ಒಳಹೊಗುವ ಬಗೆಯನ್ನೂ, ದೇಹವನ್ನು ಮರೆಸಿಕೊಂಡು ಇರುಳಿನಲ್ಲಿ ಒಳಹೊಗುವ ಬಗೆಯನ್ನೂ ಬೇರೆಬೇರೆಯಾಗಿ ವಿವರಿಸಿ, ಹವಾಮಾನ, ಬೀಗ, ಬೆಂಕಿ, ಏಣಿಗಳ ವಿಚಾರವನ್ನೆಲ್ಲ ಸೇರಿಸಿಕೊಂಡು, ಎಲ್ಲಕ್ಕಿಂತ ಮೊದಲಲ್ಲಿ ಮನಸ್ಸಿನ ಶುದ್ಧಿಯನ್ನು ಇಡುತ್ತದೆ. ಮುಷ್ಟಿಯುದ್ಧವನ್ನೂ ಖಡ್ಗಯುದ್ಧವನ್ನೂ ಅರಸಿ ಹೋದವನಿಗೆ ಅದರಲ್ಲಿ ನಿರಾಶೆಯೇ ಕಾದಿರುತ್ತದೆ. ಕಪ್ಪು ಬಟ್ಟೆಯುಟ್ಟು ಮಾಡಿನಿಂದ ಮಾಡಿಗೆ ಹಾರುವ ವೀರನು ರಂಗಭೂಮಿಯ ಮತ್ತು ಚಿತ್ರಗಳ ಸೃಷ್ಟಿ. ನಿಜವಾಗಿ ಆ ಕೆಲಸಕ್ಕೆ ಹೋಗುತ್ತಿದ್ದವನು ಭಿಕ್ಷುವಾಗಿ, ಬೆಟ್ಟದ ತಪಸ್ವಿಯಾಗಿ, ಕೊಳಲೂದುವ ಸನ್ಯಾಸಿಯಾಗಿ, ವ್ಯಾಪಾರಿಯಾಗಿ, ಆಟದವನಾಗಿ, ಸಾಮಾನ್ಯ ರೈತನಾಗಿ ಹೋಗುತ್ತಿದ್ದನು. ಇಂದು ಅನೇಕ ದೇಶಗಳಲ್ಲಿ ಶಾಲೆಗಳನ್ನು ತೆರೆದು ಹೇಳಿಕೊಡಲಾಗುವ ನಿಂಜುತ್ಸು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಆಚಾರ್ಯರು ಜೋಡಿಸಿ ಕೊಟ್ಟ ದೇಹವಿದ್ಯೆ. ಅದರಿಂದ ಮೈ ಗಟ್ಟಿಯಾದೀತು, ಸಂತೋಷ. ಅದನ್ನು ಕಲಿತು ಶತ್ರುವಿನ ಕೋಟೆಯ ವಿಚಾರ ತಿಳಿದುಬರಲು ಯಾರೂ ಹೋಗಬೇಕಾಗಿಲ್ಲವೆಂಬುದೂ ಸಂತೋಷವೇ.

ವೇಷಗಳ ಈ ಪಟ್ಟಿಯನ್ನು ಓದುವಾಗ ನಮ್ಮವರಿಗೆ ಕೌಟಿಲ್ಯನ ನೆನಪಾಗದೆ ಇರದು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿಯ ಪ್ರತಿಯಲ್ಲಿ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಮುದ್ರಿಸಿ ಲೋಕದ ಮುಂದಿಡುವವರೆಗೆ, ಹಿಂದೂ ರಾಜನೀತಿಯೆಂದರೆ ಧರ್ಮೋಪದೇಶವೆಂದೇ ಭಾವಿಸಿದ್ದ ಪಂಡಿತರಿಗೆ ಅದರ ಮೊದಲ ಅಧಿಕರಣದಲ್ಲಿ ಬರುವ ಗೂಢಪುರುಷರ ಪ್ರಕರಣ ಒಂದು ಆಘಾತವೇ ಆಗಿರಬೇಕು. ಕಪಟಿಯಾದ ವಿದ್ಯಾರ್ಥಿ, ಸನ್ಯಾಸದಿಂದ ಜಾರಿದವನು, ಬೇಸಾಯ ಕೆಟ್ಟ ಗೃಹಸ್ಥ, ವ್ಯಾಪಾರ ಮುರಿದ ವರ್ತಕ, ಜಟಾಧಾರಿಯಾದ ತಾಪಸ ಎಂಬ ಐವರು ಒಂದೆಡೆ ನೆಲೆನಿಂತು ಕೆಲಸ ಮಾಡುವವರು. ಸತ್ರಿ, ತೀಕ್ಷ್ಣ, ರಸದ, ಭಿಕ್ಷುಕಿ ಎಂಬವರು ಊರೂರು ಸಂಚರಿಸುವವರು. ಒಬ್ಬನು ತಂದ ವಾರ್ತೆಯನ್ನು ನಂಬದೆ, ಪರಸ್ಪರ ಪರಿಚಯವಿಲ್ಲದ ಮೂವರ ವಾರ್ತೆ ಒಂದೇ ಆದಾಗ ಮಾತ್ರ ಅದನ್ನು ನಂಬಬೇಕೆಂದು ಆಚಾರ್ಯನು ವಿಧಿಸುತ್ತಾನೆ. ಕರಿಯ ಕಂಬಳಿ ಹೊದ್ದು ಡಮರುಗ ಬಾರಿಸುತ್ತ ದೇವರಗುಡ್ಡದಿಂದ ಊರೂರಿಗೆ ಹೋಗುವ ಗೊರವಯ್ಯನನ್ನು ಕಂಡಾಗ, ಯಾವ ಊರಿನ ಯಾವ ಬಾಗಿಲಿನಲ್ಲಿಯೂ ಯಾಕೆ ಬಂದೆಯೆಂದು ಕೇಳಿಸಿಕೊಳ್ಳದ ಇಂತಹ ವೇಷಕ್ಕೆ ಕೌಟಿಲ್ಯನು ಎಷ್ಟು ಬೆಲೆ ಕಟ್ಟುತ್ತಿದ್ದನೋ ಎಂದು ನನಗೆ ಅನಿಸುವುದುಂಟು. ಗೊರವರು ಗೂಢಚಾರರಾಗಿದ್ದರೆಂದು ಇದರ ಅರ್ಥವಲ್ಲ. ಮೈಲಾರಲಿಂಗನ ಭಕ್ತರ ಮೇಲೆ ಅಂತಹ ಅಪವಾದ ಹೊರಿಸುವ ಧೈರ್ಯ ನನಗಿಲ್ಲ.

ಕರ್ಣಾಟಕದ ಅರಸರು ಬೆಳಕಿಗೆ ತಂದು ಪೋಷಿಸಿದ ವಿದ್ಯೆ ಮಾತ್ರ ಬೇರೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲರೆಂದು ವಿಂಗಡಿಸಿ, ಅವರ ಆಹಾರ, ವ್ಯಾಯಾಮ, ಪಟ್ಟುಗಳನ್ನು ಅರಸನೇ ಕುಳಿತು ವರ್ಣಿಸುತ್ತಾನೆ. ಈ ಪರಂಪರೆಯ ಕೊನೆಯ ಎಳೆಯೇ ನಮ್ಮ ಗರಡಿಮನೆ. ಕೆಂಪು ಮಣ್ಣನ್ನು ಹದಮಾಡಿ, ಹನುಮಂತನಿಗೆ ಕೈಮುಗಿದು, ದಂಡ ಬಸ್ಕಿ ಹೊಡೆದು, ವಸ್ತಾದನ ಕಣ್ಣಿನೆದುರು ಬೆಳೆದ ಪೈಲ್ವಾನನು ಜಾತ್ರೆಯ ಕಣದಲ್ಲಿ ಸಾವಿರ ಜನರ ಮುಂದೆ ತೊಡೆ ತಟ್ಟಿ ನಿಲ್ಲುವನು. ವೀರಗಲ್ಲಿನಲ್ಲಿ ನಿಂತವನಿಗೂ ಕಣದಲ್ಲಿ ನಿಂತವನಿಗೂ ಇರುವ ಸಾಮ್ಯವೆಂದರೆ ನೋಡುವವರು ಬೇಕೆಂಬುದು. ಪ್ರೇಕ್ಷಕರಿಲ್ಲದ ಶೌರ್ಯವನ್ನು ನಮ್ಮ ನಾಡು ಶೌರ್ಯವೆಂದು ಎಣಿಸಿದ್ದು ಕಡಿಮೆ.

ನೆಲವೂ ಮರೆಯ ವಿದ್ಯೆಗೆ ಅನುಕೂಲವಾದುದಲ್ಲ. ಇಗಾದ ಬೆಟ್ಟಗಳೆಲ್ಲಿ, ತುಂಗಭದ್ರೆಗೂ ವರದೆಗೂ ನಡುವಣ ಈ ಎರೆಯ ಬಯಲೆಲ್ಲಿ! ಪಶ್ಚಿಮಕ್ಕೆ ಹಾನಗಲ್ಲಿನತ್ತ ಹೋದರೆ ಮಲೆನಾಡಿನ ಅಂಚು ಸಿಕ್ಕುವುದೇನೋ ನಿಜ. ಆದರೆ ರಾಣೆಬೆನ್ನೂರಿನ ಸುತ್ತ ಕೃಷ್ಣಮೃಗಗಳು ಮೇಯುವ ಕುರುಚಲು ಕಾಡು, ಅಲ್ಲೊಂದು ಇಲ್ಲೊಂದು ಬೋಳು ಗುಡ್ಡ, ಅದನ್ನು ಬಿಟ್ಟರೆ ಕಣ್ಣು ಹಾಯುವವರೆಗೂ ಹೊಲ. ಜೋಳ ಆಳೆತ್ತರ ಬೆಳೆದ ಕೆಲವು ತಿಂಗಳುಗಳನ್ನು ಬಿಟ್ಟರೆ ಅಡಗಿಕೊಳ್ಳಲು ಸ್ಥಳವಿಲ್ಲ. ಇಂತಹ ನೆಲದಲ್ಲಿ ಕಣ್ಣು ತಪ್ಪಿಸಿ ಬದುಕಬೇಕಾದವನಿಗೆ ಎರಡೇ ಮಾರ್ಗಗಳು: ಹಿಂಬಾಲಿಸುವವನಿಗಿಂತ ವೇಗವಾಗಿ ಚಲಿಸುವುದು, ಇಲ್ಲವೆ ಜನರ ನಡುವೆ ಜನನಾಗಿ ಸೇರಿಹೋಗುವುದು. ಮೊದಲನೆಯದಕ್ಕೆ 1800ರ ಮಳೆಗಾಲವೂ, ಎರಡನೆಯದಕ್ಕೆ 1942ರ ಆಗಸ್ಟಿನ ತರುವಾಯದ ಎಂಟು ತಿಂಗಳುಗಳೂ ನಿದರ್ಶನಗಳಾಗಿವೆ.

ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನು ಹೈದರನ ಸೇನೆಯಲ್ಲಿ ಸವಾರನಾಗಿದ್ದು, ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಮನೆಯನ್ನು ಸೇರಿ, 1799ರ ಮೇ ತಿಂಗಳಿನಲ್ಲಿ ಆ ಕೋಟೆ ಬಿದ್ದಾಗ ಬಿಡುಗಡೆ ಹೊಂದಿದನು. ಕೆಲಸ ಕಳೆದುಕೊಂಡ ಸವಾರರು ನಾಡಿನ ತುಂಬ ಅಲೆಯುತ್ತಿದ್ದ ಆ ದಿನಗಳಲ್ಲಿ ಅವರನ್ನು ಕೂಡಿಸುವುದು ಅವನಿಗೆ ಕಷ್ಟವಾಗಲಿಲ್ಲ. ಒಂದು ವರ್ಷದೊಳಗಾಗಿ ಅವನು ತುಂಗಭದ್ರೆಯಿಂದ ಮಲಪ್ರಭೆಯವರೆಗಿನ ಸೀಮೆಯಲ್ಲಿ ಕೋಟೆಗಳನ್ನು ಹಿಡಿದು, ತನ್ನನ್ನು ಉಭಯ ಲೋಕಗಳ ಒಡೆಯನೆಂದು ಕರೆದುಕೊಳ್ಳುವಷ್ಟು ಬೆಳೆದನು. ಅವನನ್ನು ಹಿಡಿಯಲು ಹೊರಟವನು ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನನನ್ನು ಸೋಲಿಸಿ ವೆಲಿಂಗ್ಟನ್ ಡ್ಯೂಕನೆನಿಸಿದ ಆರ್ಥರ್ ವೆಲೆಸ್ಲಿ; ಆಗಿನ್ನೂ ಕರ್ನಲನಾಗಿದ್ದ ಅವನು 1800ರ ಜೂನ್ ತಿಂಗಳ ಕೊನೆಯ ವಾರದಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ, ಐರಣಿಯ ಮೇಲೆ ಬಂದು, ರಾಣೆಬೆನ್ನೂರಿನ ಕೋಟೆಯಿಂದ ತನ್ನ ಮುಂಗಾವಲಿನ ಮೇಲೆ ಗುಂಡು ಹಾರಿದ ಕಾರಣ ಅದಕ್ಕೆ ಲಗ್ಗೆಯಿಟ್ಟು ವಶಪಡಿಸಿಕೊಂಡನು.

ಅಲ್ಲಿಂದ ಮುಂದೆ ಅವನಿಗೆ ಶತ್ರುವಿಗಿಂತ ಮೊದಲು ಎದುರಾದುದು ನೀರು ಮತ್ತು ಹಸಿವು. ಹಾವೇರಿಯ ಸಮೀಪದ ದೇವಗಿರಿಯಲ್ಲಿ ಬೀಡುಬಿಟ್ಟು, ತುಂಬಿ ಹರಿಯುವ ವರದೆಯನ್ನು ದಾಟಲು ಹರಿಗೋಲುಗಳನ್ನು ಕಟ್ಟಿಸುತ್ತ, ದಂಡಿಗೆ ಬೇಕಾದ ಅಕ್ಕಿಯನ್ನು ಎತ್ತುಗಳ ಮೇಲೆ ಹೇರಿ ತರುವ ಲಂಬಾಣಿಗರ ದಾರಿ ಕಾಯುತ್ತ ಅವನು ಕುಳಿತಿರಬೇಕಾಯಿತು. ಅತ್ತ ಧೋಂಡಿಯನು ಅದೇ ಜೂನ್ ತಿಂಗಳ ಕೊನೆಯ ದಿನ ಕಿತ್ತೂರಿನ ಕಡೆಯ ಕಾಡಿನಲ್ಲಿ ಮರಾಠರ ಸೇನಾನಿ ಧೋಂಡೋಪಂತ ಗೋಖಲೆಯ ಮೇಲೆ ಹಠಾತ್ತಾಗಿ ಬಿದ್ದು ಅವನನ್ನು ಕೊಂದಿದ್ದನು. ಸವಾರನಿಗೆ ಗುಡಾರವಿಲ್ಲ, ಬಂಡಿಯಿಲ್ಲ. ಉಂಡ ಊರಿನಲ್ಲಿ ಮಲಗದವನು, ಮಲಗಿದ ಊರಿನಲ್ಲಿ ಬೆಳಗು ಕಾಣದವನು. ವೆಲೆಸ್ಲಿಯ ಪತ್ರಗಳನ್ನು ಓದಿದವರಿಗೆ ಒಂದು ವಿಷಯ ಮನದಟ್ಟಾಗುತ್ತದೆ: ಅವನು ಗೆದ್ದುದು ಶೌರ್ಯದಿಂದ ಎನ್ನುವುದಕ್ಕಿಂತ ಲೆಕ್ಕಾಚಾರದಿಂದ. ಎತ್ತಿನ ನಡಿಗೆಗೂ ಕುದುರೆಯ ಓಟಕ್ಕೂ ಇದ್ದ ಅಂತರವನ್ನು ಅವನು ದಿನದಿನಕ್ಕೆ ಕಿರಿದು ಮಾಡುತ್ತ ಬಂದನು. ಜುಲೈ 26ರಂದು ಡಂಬಳ ಬಿದ್ದಿತು. ಅದೇ ತಿಂಗಳ 30ರಂದು ಮಲಪ್ರಭೆಯ ದಡದ ಮುನವಳ್ಳಿಯಲ್ಲಿ ನದಿ ದಾಟುತ್ತಿದ್ದ ಧೋಂಡಿಯನ ಪಾಳೆಯದ ಒಂದು ಭಾಗ ಸಿಕ್ಕಿಬಿದ್ದು ನೀರುಪಾಲಾಯಿತು. ಕಡೆಗೆ ಸೆಪ್ಟೆಂಬರ್ 10ರಂದು ಕೋನಗಲ್ಲಿನ ಬಳಿ, ಕೇವಲ ನಾಲ್ಕು ರಿಸಾಲೆಗಳ ಕುದುರೆದಂಡಿನೊಂದಿಗೆ ವೆಲೆಸ್ಲಿಯು ತಾನೇ ಮುಂದಾಗಿ ನುಗ್ಗಿದಾಗ, ಮೂರು ತಿಂಗಳು ಯಾರ ಕೈಗೂ ಸಿಕ್ಕದಿದ್ದ ಧೋಂಡಿಯನು ಬಂಡೆಗಳ ನಡುವೆ ಸಾಲುಕಟ್ಟಿ ಎದುರುನಿಂತನು. ನಿಂತ ದಿನವೇ ಹತನಾದನು. ಓಡುವುದರಲ್ಲಿ ಅವನ ಬಲವಿದ್ದಿತು. ಎದುರುನಿಲ್ಲುವ ಮೋಹ ಅವನನ್ನು ಅಂದು ಏಕೆ ಹಿಡಿಯಿತೋ, ಅಥವಾ ಓಡಲು ದಾರಿಯೇ ಉಳಿದಿರಲಿಲ್ಲವೋ. ಬಹುಶಃ ಎರಡೂ ಇರಬೇಕು. ಅವನ ಸಾಕುಮಗ ಸಲಾಬತ್ ಖಾನನೆಂಬ ಎಳೆಯ ಹುಡುಗನನ್ನು ವೆಲೆಸ್ಲಿಯೇ ಸಲಹಿದನೆಂಬುದನ್ನು ಇಲ್ಲಿ ಹೇಳದಿದ್ದರೆ ಗೆದ್ದವನಿಗೆ ಅನ್ಯಾಯವಾದೀತು.

ಮೂವತ್ತು ವರ್ಷಗಳ ತರುವಾಯ ಕಿತ್ತೂರಿನ ಸಂಗೊಳ್ಳಿ ರಾಯಣ್ಣನು ಖಾನಾಪುರದ ಕಾಡುಗಳನ್ನು ನೆಚ್ಚಿ ಇದೇ ಯುದ್ಧವನ್ನು ಇನ್ನಷ್ಟು ಜಾಣತನದಿಂದ ನಡೆಸಿದನು. ಸರಕಾರದ ಕಚೇರಿಗಳನ್ನೂ ಭೂಮಿಯ ದಫ್ತರಗಳನ್ನೂ ಸುಟ್ಟರೆ ಕಂಪನಿಯ ಆಳಿಕೆಯ ಬೇರು ಅಲುಗುವುದೆಂಬುದನ್ನು ಕಂಡುಕೊಂಡ ಅವನನ್ನು ಯುದ್ಧದಲ್ಲಿ ಹಿಡಿಯಲು ಆಗಲಿಲ್ಲ. 1830ರ ಏಪ್ರಿಲಿನಲ್ಲಿ ಸ್ನಾನಕ್ಕಿಳಿದು ನಿರಾಯುಧನಾಗಿದ್ದಾಗ ತನ್ನವರೆನಿಸಿಕೊಂಡವರೇ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಕಾಡು ಕಾಪಾಡಿದವನನ್ನು ಮನುಷ್ಯರು ಕಾಪಾಡಲಿಲ್ಲ.

ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವರಿಗೆ ಕಾಡೂ ಇರಲಿಲ್ಲ, ಕುದುರೆಯೂ ಇರಲಿಲ್ಲ. ಅವರು ಪಡೆದ ಶಿಕ್ಷಣವಂತೂ ಮರೆಯ ವಿದ್ಯೆಗೆ ತೀರ ವಿರುದ್ಧವಾದುದು. 1930ರ ದಂಡಿಯಾತ್ರೆಯೆಂದರೆ, ಗಾಂಧೀಜಿಯವರು ತಾವು ಮುರಿಯಲಿರುವ ಕಾನೂನು ಯಾವುದೆಂಬುದನ್ನು ವೈಸರಾಯರಿಗೆ ಮೊದಲೇ ಪತ್ರ ಬರೆದು ತಿಳಿಸಿ, ಹೋಗುವ ದಾರಿಯನ್ನೂ ತಂಗುವ ಊರುಗಳನ್ನೂ ಪತ್ರಿಕೆಗಳಲ್ಲಿ ಪ್ರಕಟಿಸಿ, ಮಾರ್ಚ್ 12ರಂದು ಸಾಬರಮತಿಯಿಂದ ಹಾಡಹಗಲಿನಲ್ಲಿ ನಡೆದು ಹೊರಟ ದಂಡು. ಲೋಕದ ಇತಿಹಾಸದಲ್ಲಿ ಇಷ್ಟು ಬಹಿರಂಗವಾದ ದಂಡಯಾತ್ರೆ ಇನ್ನೊಂದಿರಲಾರದು. ಗಾಂಧೀಜಿಯವರು ಆರಿಸಿಕೊಂಡ ಆ ಸಣ್ಣ ತಂಡದಲ್ಲಿದ್ದ ಏಕೈಕ ಕನ್ನಡಿಗರು ಹದಿನೆಂಟು ವರ್ಷದ ಮಹಾದೇವರು. ಊರಿಗೆ ಮರಳಿದ ಮೇಲೆ ಅವರು ಹಾವೇರಿಯ ಹತ್ತಿರ ಕೊರಡೂರಿನಲ್ಲಿ ಆಶ್ರಮ ಕಟ್ಟಿ, ಖಾದಿ ಮತ್ತು ಗ್ರಾಮಸೇವೆಯ ಕೆಲಸದಲ್ಲಿ ತೊಡಗಿದರು. ಪತ್ನಿ ಸಿದ್ಧಮ್ಮನವರೂ ಸಾಬರಮತಿಯ ಶಿಸ್ತಿನಲ್ಲಿ ಪಳಗಿ ಸೆರೆಮನೆಯನ್ನು ಕಂಡವರೇ.

1942ರ ಆಗಸ್ಟ್ 9ರ ಬೆಳಗಿನೊಳಗಾಗಿ ಭಾರತ ಬಿಟ್ಟು ತೊಲಗಿ ಚಳವಳಿಯ ಹಿರಿಯ ಮುಂದಾಳುಗಳು ಬಂಧಿತರಾದ ಮೇಲೆ, ಹೊರಗೆ ಉಳಿದವರಿಗೆ ತಾವೇ ದಾರಿ ಹುಡುಕಿಕೊಳ್ಳುವ ಪ್ರಸಂಗ ಒದಗಿತು. ಮುಂಬಯಿ ಕರ್ಣಾಟಕದ ಜಿಲ್ಲೆಗಳಲ್ಲಿ ತಂತಿ ಕಡಿಯುವುದು, ಚಾವಡಿಯ ಕಾಗದಪತ್ರಗಳನ್ನು ಸುಡುವುದು, ಟಪಾಲು ಚೀಲಗಳನ್ನು ಕಿತ್ತುಕೊಳ್ಳುವುದು, ರೈಲು ನಿಲ್ದಾಣಗಳಿಗೆ ಬೆಂಕಿಯಿಡುವುದು ನಿತ್ಯದ ಸುದ್ದಿಯಾಯಿತು. ಪ್ರಾಣಹಾನಿಯಾಗಕೂಡದೆಂಬ ಕಟ್ಟನ್ನು ಇಟ್ಟುಕೊಂಡು, ಸರಕಾರದ ಕೈಕಾಲುಗಳನ್ನು ಮಾತ್ರ ಕಟ್ಟಿಹಾಕುವ ಈ ಕ್ರಮಕ್ಕೆ ಹಾವೇರಿ ಬ್ಯಾಡಗಿಗಳ ಸುತ್ತಿನಲ್ಲಿ ಮುಂದಾಳಾದವರು ಮಹಾದೇವರು. ನೂರು ವರ್ಷಗಳ ಹಿಂದೆ ರಾಯಣ್ಣನು ಕಂಡುಕೊಂಡಿದ್ದ ದಫ್ತರದ ಗುಟ್ಟನ್ನು ಅವರೂ ಕಂಡುಕೊಂಡಿದ್ದರು: ರಾಜ್ಯವೆಂಬುದು ಕೋವಿಗಿಂತ ಹೆಚ್ಚಾಗಿ ಕಾಗದದ ಮೇಲೆ ನಿಂತಿರುತ್ತದೆ.

ಮರೆಯಿಲ್ಲದ ಈ ಬಯಲಿನಲ್ಲಿ ಎಂಟು ತಿಂಗಳ ಕಾಲ ಅದು ಹೇಗೆ ಸಾಧ್ಯವಾಯಿತೆಂಬುದನ್ನು ಆಲೋಚಿಸಿದರೆ, ಇಗಾದ ಗ್ರಂಥಗಳಿಗಿಂತ ಹೆಚ್ಚಿನ ಪಾಠ ನಮಗೆ ಇಲ್ಲಿಯೇ ದೊರೆಯುತ್ತದೆ. ರಾತ್ರಿ ಹತ್ತು ಹನ್ನೆರಡು ಮೈಲಿ ಕಾಲುದಾರಿಯಲ್ಲಿ ನಡೆದು ಬೆಳಗಾಗುವುದರೊಳಗೆ ಇನ್ನೊಂದು ಊರಿನ ಹೊಲದಲ್ಲಿ ಒಕ್ಕಲಿಗರಂತೆ ಕಾಣಿಸಿಕೊಳ್ಳಬಲ್ಲ ಕಾಲುಗಳು ಬೇಕು. ಅದು ಈ ಸೀಮೆಯ ಯಾವ ರೈತನಿಗೂ ಇರುವ ಶಕ್ತಿ. ಮೆಣಸಿನಕಾಯಿಯ ಸುಗ್ಗಿಯಲ್ಲಿ ನಾಲ್ಕು ದಿಕ್ಕಿನಿಂದ ಬಂಡಿಗಳು ಬ್ಯಾಡಗಿಯ ಪೇಟೆಗೆ ಇಳಿಯುವ ಕಾಲದಲ್ಲಿ ಹೊಸ ಮುಖವೊಂದು ಯಾರ ಪ್ರಶ್ನೆಗೂ ಗುರಿಯಾಗದು. ತಲೆಗೆ ರುಮಾಲು, ಹೆಗಲಿಗೆ ಕಂಬಳಿ ಇದ್ದರಾಯಿತು, ವೇಷಶಾಸ್ತ್ರ ಅಲ್ಲಿಗೆ ಮುಗಿಯಿತು. ಆದರೆ ಕಾಲು ಮತ್ತು ಕಂಬಳಿಗಳಿಗಿಂತ ದೊಡ್ಡದು ಮೂರನೆಯದು. ಹಿತ್ತಲ ಬಾಗಿಲಿನಲ್ಲಿ ರೊಟ್ಟಿ ಬುತ್ತಿಯನ್ನು ಕೊಟ್ಟ ತಾಯಂದಿರು, ಫೌಜುದಾರನು ಬಂದು ಗದರಿಸಿ ಕೇಳಿದಾಗ ಕಂಡಿಲ್ಲವೆಂದ ಮುದುಕರು, ದನ ಕಾಯುತ್ತಲೇ ದಾರಿಯ ಮೇಲೆ ಕಣ್ಣಿಟ್ಟ ಹುಡುಗರು, ಇವರಿಲ್ಲದೆ ಯಾವ ಗುಪ್ತ ವಿದ್ಯೆಯೂ ಈ ನೆಲದಲ್ಲಿ ಎಂಟು ದಿನವೂ ಬಾಳುತ್ತಿರಲಿಲ್ಲ. ಕೌಟಿಲ್ಯನ ಗೂಢಪುರುಷನು ಸಂಬಳಕ್ಕೆ ದುಡಿಯುವವನು, ಅರಸನ ಕಣ್ಣು. ಇಲ್ಲಿ ಇಡೀ ಊರೇ ಕಣ್ಣಾಗಿತ್ತು, ಅರಸನ ವಿರುದ್ಧವಾಗಿ.

1943ರ ಏಪ್ರಿಲ್ 1ರಂದು ಮಹಾದೇವರು ತಮ್ಮ ತಂಡದೊಡನೆ ವರದಾ ತೀರದ ಹೊಸರಿತ್ತಿಗೆ ಬಂದರು. ರೈತರಿಂದ ವಸೂಲು ಮಾಡಿದ ಕಂದಾಯದ ಹಣವನ್ನು ಅಲ್ಲಿನ ವೀರಭದ್ರ ದೇವಸ್ಥಾನದಲ್ಲಿರಿಸಿ, ಬಂದೂಕಿನ ಕಾವಲು ಹಾಕಲಾಗಿತ್ತು. ಕಾವಲಿನವರನ್ನು ಕೊಲ್ಲದೆ ಹಣವನ್ನು ಮಾತ್ರ ತೆಗೆದುಕೊಳ್ಳಬೇಕೆಂದು ಹೊರಟವರಿಗೂ, ಗುಂಡು ಹಾರಿಸಲು ಅಪ್ಪಣೆ ಪಡೆದವರಿಗೂ ನಡುವೆ ನಡೆದ ಆ ಘರ್ಷಣೆಯಲ್ಲಿ ಮಹಾದೇವರೂ, ಅವರೊಂದಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಇಬ್ಬರು ಜೊತೆಗಾರರೂ ಗುಂಡೇಟಿಗೆ ಬಲಿಯಾದರು. ನಿಂಜಾ ಶಾಸ್ತ್ರದ ಅಳತೆಗೋಲಿನಿಂದ ನೋಡಿದರೆ ಇದು ತಪ್ಪಿದ ಹೆಜ್ಜೆ. ಎದುರಾಳಿ ಎಚ್ಚರವಾಗಿದ್ದಾನೆಂದು ತಿಳಿದೊಡನೆ ಹಿಂದೆ ಸರಿಯುವುದು, ಜೀವಸಹಿತ ಮರಳಿ ಇನ್ನೊಂದು ದಿನ ಬರುವುದು ಆ ವಿದ್ಯೆಯ ಮೊದಲ ನಿಯಮ. ಕೊಲ್ಲಲಾರೆನೆಂಬ ಕಟ್ಟನ್ನು ಹೊತ್ತವನು ಗುಂಡಿನೆದುರು ಹೋಗುವುದು ಗೂಢಚಾರನ ಬುದ್ಧಿಯಲ್ಲ, ಸತ್ಯಾಗ್ರಹಿಯ ಬುದ್ಧಿ. ಎಂಟು ತಿಂಗಳು ಹಿಂತಿರುಗಿ ಬರುವ ವಿದ್ಯೆಯನ್ನು ಆಚರಿಸಿದವರು ಆ ದಿನ ತಮ್ಮ ನಾಡಿನ ಹಳೆಯ ಶಿಲೆಗಳ ಸಾಲಿಗೆ ಸೇರಿದರು. ಹಾವೇರಿಯಲ್ಲಿ ಅವರ ಹೆಸರಿನ ವೀರಸೌಧ ಎದ್ದಿದೆ. ಊರಿನ ರೈಲು ನಿಲ್ದಾಣಕ್ಕೂ ಅವರದೇ ಹೆಸರಿಡಲಾಗಿದೆ. ನಿಲ್ದಾಣಗಳಿಗೆ ಬೆಂಕಿಯಿಟ್ಟ ಚಳವಳಿಯ ಮುಂದಾಳಿಗೆ ಈ ಮರ್ಯಾದೆಯನ್ನು ಸಲ್ಲಿಸುವಾಗ ರೈಲು ಇಲಾಖೆಯಲ್ಲಿ ಯಾರಾದರೂ ನಕ್ಕಿದ್ದರೆ ಅದು ಒಳ್ಳೆಯ ನಗೆಯೇ ಆಗಿರಬೇಕು.

1944ರ ಮೇ ತಿಂಗಳಿನಲ್ಲಿ ಸೆರೆಯಿಂದ ಹೊರಬಂದ ಗಾಂಧೀಜಿಯವರು ಭೂಗತರಾಗಿದ್ದವರಿಗೆ ಕೊಟ್ಟ ಸಲಹೆ ನಿಷ್ಠುರವಾಗಿದ್ದಿತು: ಗುಟ್ಟು ಸತ್ಯಾಗ್ರಹಕ್ಕೆ ಸಲ್ಲದು, ಅಡಗಿರುವವರು ಹೊರಗೆ ಬಂದು ಸರಕಾರಕ್ಕೆ ತಮ್ಮನ್ನು ಒಪ್ಪಿಸಿಕೊಳ್ಳಬೇಕು. 1942ರಿಂದ ಭೂಗತರಾಗಿದ್ದುಕೊಂಡೇ ಚಳವಳಿಯನ್ನು ನಡೆಸಿದ್ದ ಧಾರವಾಡದ ಆರ್. ಆರ್. ದಿವಾಕರರು ಆ ಮಾತಿಗೆ ತಲೆಬಾಗಿ ಹೊರಬಂದರು. ಊರೂರಿನ ಹಿತ್ತಲುಗಳಲ್ಲಿ ಬುತ್ತಿ ಕಟ್ಟಿಕೊಟ್ಟವರ ಮೌನವನ್ನು ಮಹಾತ್ಮರು ಯಾವ ಲೆಕ್ಕಕ್ಕೆ ಹಿಡಿಯುತ್ತಿದ್ದರೋ ನಾನು ಅರಿಯೆ; ನನ್ನ ಮಟ್ಟಿಗೆ ಆ ಮೌನವನ್ನು ಅಸತ್ಯವೆನ್ನಲು ನಾಲಗೆ ಏಳುವುದಿಲ್ಲ. ಮಹಾದೇವರು ಗಾಂಧೀಜಿಯವರ ಆ ಸಲಹೆಯನ್ನು ಕೇಳಿ ಒಪ್ಪುವುದಕ್ಕೋ ವಾದಿಸುವುದಕ್ಕೋ ಉಳಿದಿರಲಿಲ್ಲ. ಹೊಸರಿತ್ತಿಯ ಘಟನೆ ನಡೆದು ಆಗಲೇ ಒಂದು ವರ್ಷ ಕಳೆದುಹೋಗಿತ್ತು.